ಎರಡನೆಯ ಸಾಲಿನ ಹೆಸರು

ಇಳಕಲ್, ೧೪ ಮಾರ್ಚ್ ೨೦೦೫, ಸೋಮವಾರ

ನಾಲ್ಕನೆಯ ದಿನವೂ ಹಾಳು. ನೇಕಾರರ ಗಣತಿಗೆ ನಾನು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಫಾರ್ಮಿನಲ್ಲಿ ಮನೆ, ಮನೆಯೊಳಗೆ ಮಗ್ಗ, ಮಗ್ಗದೊಳಗೆ ದುಡಿಯುವವರ ಹೆಸರು. ಸಬ್ಮಿಟ್ ಒತ್ತಿದರೆ ಪ್ರತಿ ಮಗ್ಗದ ಮೊದಲ ಹೆಸರಷ್ಟೇ ಸರ್ವರ್ ಮುಟ್ಟುತ್ತದೆ, ಕೆಳಗಿನ ಸಾಲುಗಳೆಲ್ಲ ಖಾಲಿ. ಮೊದಲ ಹೆಸರು ಯಾವಾಗಲೂ ಗಂಡಸಿನದು.

ಗಣತಿ ಕಚೇರಿಯ ಸಾಹೇಬರಿಗೆ ಹೇಳಿದೆ. "ಮಗ್ಗಕ್ಕೊಂದ ಹೆಸರ ಬಂದ್ರ ಸಾಕ್ರಿ. ನಾಳೆ ಕೊಟ್ಟಬಿಡ್ರಿ," ಅಂದರು.

ಊಟಕ್ಕೆ ಕೂತಾಗ ಅವ್ವನಿಗೂ ಹೇಳಿದೆ. ಮೂವತ್ತು ವರ್ಷ ಅಪ್ಪನ ಮಗ್ಗಕ್ಕೆ ಸೆರಗಿನ ಎಳೆ ಜೋಡಿಸಿಕೊಟ್ಟವಳು. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ.

"ಅದರಾಗ ತಪ್ಪೇನೈತಿ? ಮಗ್ಗ ನಿಮ್ಮಪ್ಪಂದ ಅಲ್ಲೇನ?" ಅನ್ನುತ್ತ ಇನ್ನೊಂದು ರೊಟ್ಟಿ ಹಾಕಿದಳು.

ನಾಳೆ ಹಾಗೆಯೇ ಕೊಡುತ್ತೇನೆ. ಸಾಕಾಗಿದೆ. ಅವ್ವನಿಗೆ ಒಂದು ಮಾತು ಹೇಳಲಿಲ್ಲ: ನಾಲ್ಕು ದಿನದಿಂದ ಎರಡನೆಯ ಸಾಲಿನಲ್ಲಿ ನಾನು ಮತ್ತೆ ಮತ್ತೆ ತುಂಬಿ ಕಳಿಸುತ್ತಿದ್ದದ್ದು ಅವಳ ಹೆಸರನ್ನೇ, ಶೇಖವ್ವ, ಶೇಖವ್ವ ಅಂತ.