ತಾರೀಖು ಕೇಳಿದರೆ ಹತ್ತು ಅಂಕಿ ಕೊಟ್ಟ ಸಾರಿಗೆ ಕಚೇರಿಗೆ

ಗುರುವಾರ, ಜೂನ್ ಐದು

ನಗರ ಸಾರಿಗೆ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಮೇಲಿನ ತಾರೀಖನ್ನು ಓದಲು ತಮಗೆ ಕಷ್ಟವಾಗಲಿಲ್ಲ ಎಂದುಕೊಂಡಿದ್ದೇನೆ. ಆ ಭಾಗ್ಯ ನಮಗಿಲ್ಲ ಎಂಬುದೇ ನನ್ನ ದೂರು. ನಮ್ಮ ಬೀದಿಯ ಬೆಳಗಿನ ಮೊದಲ ಬಸ್ಸನ್ನು ನಿಲ್ಲಿಸುವುದಾಗಿ ತಾವು ಸಾಮಾಜಿಕ ಜಾಲತಾಣದಲ್ಲಿ ಸಾರಿದಿರಿ. ಎಂದಿನಿಂದ ಎಂಬುದನ್ನು ಮಾತ್ರ ದೇವರಿಗೂ ತಿಳಿಯದಂತೆ ಸಾರಿದಿರಿ.

ಕಳೆದ ತಿಂಗಳು ತಮ್ಮ ಪುಟದಲ್ಲಿ ಒಂದು ಪೋಸ್ಟು ಬಂತು: ‘ಮೊದಲ ಬಸ್ಸು ರದ್ದು ಮಾಡುವ ಪ್ರಸ್ತಾಪ. ಸಾರ್ವಜನಿಕರ ಅಹವಾಲು ಸಭೆ: 1748925000.’ ಹತ್ತು ಅಂಕಿ ಕಂಡ ಮನುಷ್ಯ ಏನು ಮಾಡುತ್ತಾನೆ? ಫೋನ್ ಮಾಡುತ್ತಾನೆ. ನಾವೂ ಮಾಡಿದೆವು. ನನ್ನ ಗಡಿಯಾರ ರಿಪೇರಿ ಅಂಗಡಿಯ ಮುಂದೆ ದರ್ಜಿ, ಔಷಧಿ ಅಂಗಡಿಯವರು, ಎದುರುಮನೆಯ ಮೇಷ್ಟ್ರು ಎಲ್ಲರೂ ಸರದಿಯ ಮೇಲೆ ಪ್ರಯತ್ನಿಸಿದರು. ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದು ಒಬ್ಬ ಹೆಣ್ಣುಮಗಳು ಬೇಸರವಿಲ್ಲದೆ ಹೇಳುತ್ತಲೇ ಇದ್ದಳು. ಸರ್ಕಾರಿ ಫೋನು ಒಂದೇ ಏಟಿಗೆ ಸಿಕ್ಕೀತೇ ಎಂದು ನಾವೂ ಬಿಡಲಿಲ್ಲ. ಮೇಷ್ಟ್ರು ಮೊದಲಿಗೊಂದು ಸೊನ್ನೆ ಸೇರಿಸಿ ನೋಡಿದರು. ದರ್ಜಿಯಂತೂ ಹೇಳಬೇಕಾದ ಅಹವಾಲನ್ನು ಬಾಯಿಪಾಠ ಮಾಡಿಕೊಂಡು ಕಾದಿದ್ದ.

ಅದು ಫೋನ್ ನಂಬರಲ್ಲ, ಯಾವುದೋ ಹಳೆಯ ಕಾಲದ ಜನವರಿ ಒಂದರಿಂದ ಕಂಪ್ಯೂಟರು ಎಣಿಸುತ್ತ ಬಂದ ಸೆಕೆಂಡುಗಳು, ಬಿಡಿಸಿದರೆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಯಾಗುತ್ತದೆ ಎಂದು ಮನೆಗೆ ಬಂದ ನನ್ನ ಮಗಳು ಹೇಳಿದಾಗ ಅದೇ ಮಂಗಳವಾರ ಸಂಜೆಯಾಗಿತ್ತು. ಅಷ್ಟರಲ್ಲಿ ತಮ್ಮ ಮುಂದಿನ ಪೋಸ್ಟೂ ಬಂದಿತ್ತು: ‘ಸಭೆಗೆ ಯಾರೂ ಹಾಜರಾಗದ ಕಾರಣ ಸಾರ್ವಜನಿಕರ ಸಮ್ಮತಿ ಇದೆಯೆಂದು ಭಾವಿಸಲಾಗಿದೆ.’ ಊಟಕ್ಕೆ ಕರೆದು, ಬಾಗಿಲಿಗೆ ಅಗುಳಿ ಹಾಕಿಕೊಂಡು, ಆಮೇಲೆ ‘ಯಾಕೋ ಯಾರಿಗೂ ಹಸಿವಿರಲಿಲ್ಲ’ ಎನ್ನುವವರಿಗೆ ನಮ್ಮ ಬೀದಿಯಲ್ಲಿ ಒಂದು ಹೆಸರಿದೆ. ಬಹಿರಂಗ ಪತ್ರವಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ನಿನ್ನೆ ತಮ್ಮ ಕಚೇರಿಗೇ ಬಂದಿದ್ದೆ. ಕಿಟಕಿಯ ಆಚೆಗಿದ್ದ ಗುಮಾಸ್ತರು ಟೀ ಲೋಟ ಕೆಳಗಿಟ್ಟು, “ತಾರೀಖನ್ನ ಯಂತ್ರ ತಾನಾಗೇ ಹಾಕೋದು ಸ್ವಾಮಿ, ನಾವ್ಯಾರೂ ಕೈ ಹಾಕಲ್ಲ” ಎಂದರು. ಯಂತ್ರಕ್ಕೆ ಬುದ್ಧಿಯಿಲ್ಲದಿದ್ದರೆ ಬಸ್ಸು ನಮ್ಮದು ಹೋಗಬೇಕೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಅಲ್ಲವೇ? ಆದರೂ ದೂರು ಕೊಟ್ಟು ಬಂದೆ. ಸಂಜೆಯೇ ಫಲ ಸಿಕ್ಕಿತು: ‘ಮೊದಲ ಬಸ್ಸು 06/07ರಿಂದ ಇರುವುದಿಲ್ಲ.’ ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಿರಿ. ಇದು ಜೂನ್ ಏಳೋ, ಜುಲೈ ಆರೋ? ತಮ್ಮ ಹಳೆಯ ಪೋಸ್ಟುಗಳನ್ನು ನೋಡಿ ತಿಳಿಯೋಣವೆಂದರೆ, ಒಂದರಲ್ಲಿ 28/05 ಇದೆ, ಅದರ ಕೆಳಗೇ 05/23 ಇದೆ. ತಮ್ಮ ಯಂತ್ರಕ್ಕೆ ದಿನ ಮುಂದಿದ್ದರೂ ಸರಿ, ತಿಂಗಳು ಮುಂದಿದ್ದರೂ ಸರಿ.

ನಮ್ಮಕ್ಕನಿಗೆ ಮಾತ್ರ ಸರಿಯಿಲ್ಲ. ಅವಳು ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳ ಬೆಳಗಿನ ತಿಂಡಿ ಬೇಯಿಸುವವಳು. ಆ ಹೊತ್ತಿಗೆ ಅಲ್ಲಿಗೆ ಮುಟ್ಟಿಸುವುದು ಮೊದಲ ಬಸ್ಸೊಂದೇ. ಬಸ್ಸು ನಿಲ್ಲುವ ಸುದ್ದಿ ಅವಳ ಮೇಲ್ವಿಚಾರಕಿಯ ಕಿವಿಗೂ ಬಿದ್ದಿದೆ. ಇವತ್ತು ಕೆಲಸ ಮುಗಿಸಿ ಬಂದ ಅಕ್ಕ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದಳು: “‘ಯಾವತ್ತಿನವರೆಗೆ ಬರ್ತೀಯ ಹೇಳು, ನಿನ್ನ ಜಾಗಕ್ಕೆ ಬೇರೆಯವರನ್ನ ನೋಡ್ಬೇಕು’ ಅಂತಾರೆ ಕಣೋ ಮೇಡಮ್ಮು. ನನ್ನ ಕೆಲಸ ಹೋಗೋದು ನಾಡಿದ್ದೋ ಮುಂದಿನ ತಿಂಗಳೋ, ಅಷ್ಟನ್ನೂ ಹೇಳೋಕಾಗ್ಲಿಲ್ಲ ನನಗೆ.” ಅಲ್ಲಿಯವರೆಗೆ ಇದೆಲ್ಲ ನನಗೆ ತಮಾಷೆಯಾಗಿತ್ತು. ಆಮೇಲೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಬೇಡಿಕೆ ದೊಡ್ಡದೇನಲ್ಲ. ಸಭೆಯನ್ನು ಮತ್ತೆ ಕರೆಯಿರಿ, ನಮ್ಮ ಮಾತು ಕೇಳುವವರೆಗೆ ಬಸ್ಸನ್ನು ಓಡಿಸಿರಿ. ಕರೆಯುವಾಗ ವಾರ, ತಾರೀಖು, ತಿಂಗಳ ಹೆಸರು, ಬೆಳಿಗ್ಗೆಯೋ ಸಂಜೆಯೋ ಎಂಬುದನ್ನು ಮನುಷ್ಯರು ಮನುಷ್ಯರಿಗೆ ಹೇಳುವಂತೆ ಬರೆಯಲು ಯಂತ್ರಕ್ಕೆ ಕಲಿಸಿರಿ. ಅದು ಕಲಿಯುವವರೆಗೆ ಗುಮಾಸ್ತರು ಟೀ ಲೋಟ ಕೆಳಗಿಟ್ಟು ಕೈಯಲ್ಲೇ ಬರೆಯಲಿ.

ತಮ್ಮ ಉತ್ತರ ಬಾರದಿದ್ದರೆ, ನಾಡಿದ್ದು ಶನಿವಾರ ಬೆಳಕು ಹರಿಯುವ ಮುನ್ನ ಅಕ್ಕನ ಜೊತೆ ನಾನೂ ನಿಲ್ದಾಣದಲ್ಲಿ ನಿಂತಿರುತ್ತೇನೆ. ಬಸ್ಸು ಬಂದರೆ ತಾವು ಬರೆದದ್ದು ಜುಲೈ. ಬಾರದಿದ್ದರೆ ಜೂನ್.

ಇಂತಿ,
ಬೀದಿಯವರ ಗಡಿಯಾರಗಳನ್ನೆಲ್ಲ ಸರಿಮಾಡಿ, ಅಕ್ಕನಿಗೆ ಒಂದು ತಾರೀಖು ಹೇಳಲಾಗದ ತಮ್ಮ