ಜಗಲಿಗೆ ಏರಿಸಿದ ದಾಸವಾಳ

ಬುಧವಾರ, ಜುಲೈ ೯. ಭಂಕೂರ.

ಬೆಳಿಗ್ಗೆ ಮತ್ತೆ ಆ ಬಟ್ಟಲು ಮುಂದೆ ಬಂತು. ಮುಟ್ಟಿನಲ್ಲಿ ನನಗೆ ರಕ್ತ ಹೆಚ್ಚು ಹೋಗುತ್ತದೆಂದು ಅತ್ತೆ ದಿನವೂ ದಾಸವಾಳದ ಮೊಗ್ಗು ಅರೆದು ಹಾಲಿನಲ್ಲಿ ಕಲಸಿ ಕೊಡುತ್ತಾರೆ. ಬಸುರಿ ಅದನ್ನು ಕುಡಿಯಬಾರದೆಂದು ಅವ್ವ ಹೇಳುತ್ತಿದ್ದಳು. ಈ ತಿಂಗಳು ನಾನು ಹೊರಗಾಗಿಲ್ಲ. ಹೇಳಲು ನಾಚಿಕೆ. ಕೆಲವು ದಿನಗಳಿಂದ ಕದ್ದು ಬಚ್ಚಲಿಗೆ ಸುರಿಯುತ್ತಿದ್ದೆ.

ಇವತ್ತು ಅತ್ತೆ ಎದುರಿಗೇ ಕುಳಿತರು.

“ದಿನಾ ಬಚ್ಚಲಕ್ಕ ಕುಡಸ್ತಿ. ಅದಕ್ಕೂ ಮುಟ್ಟಿನ ತ್ರಾಸ ಅದೇನು?”

“ಬ್ಯಾಡ್ರಿ ಅತ್ತಿ.”

“ಯಾಕ ಬ್ಯಾಡ? ಬಾಯಿ ಬಿಟ್ಟು ಹೇಳವ್ವ.”

ಎದ್ದು ಹೋಗಿ, ಅಂಗಳದಲ್ಲಿ ಅರಳಿದ್ದ ದಾಸವಾಳ ಕಿತ್ತು ತಂದು ದೇವರ ಜಗಲಿಗೆ ಏರಿಸಿದೆ. ಹೊರಗಾದವರು ನಮ್ಮ ಮನೆಯಲ್ಲಿ ಆ ಗಿಡವನ್ನೂ ಮುಟ್ಟುವುದಿಲ್ಲ. ಲೆಕ್ಕದ ಪ್ರಕಾರ ಇದು ನಾನು ದೂರ ಕೂರಬೇಕಾದ ವಾರ. ಅತ್ತೆ ಹೂವು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಖರೇನು?”

ತಲೆಯಾಡಿಸಿದೆ.

“ಹುಚ್ಚಿ!” ಎಂದು ನಕ್ಕು, ಬಟ್ಟಲಿನಲ್ಲಿದ್ದುದನ್ನು ತಾವೇ ಕುಡಿದರು. “ಹಾಲು ಯಾಕ ಹಾಳ ಮಾಡ್ಬೇಕು.”

ಉಳಿದ ಮೊಗ್ಗುಗಳನ್ನು ಕೊಬ್ಬರಿ ಎಣ್ಣೆಗೆ ಹಾಕಿ ಕಾಸಿ, ಸಂಜೆ ನನ್ನ ತಲೆಗೆ ಹಚ್ಚಿದರು. ಹಚ್ಚುತ್ತ ಹಚ್ಚುತ್ತ ಅವರ ಕೈ ನಿಂತಿತು.

“ಗೊತ್ತಾಗೂಕಿಂತ ಮೊದಲ ಎಷ್ಟು ಸಲ ಕುಡ್ದಿ?”

“ನೆನಪಿಲ್ರಿ.”

“ನಾಳಿ ಶಹಾಬಾದ ದವಾಖಾನಿಗಿ ಹೋಗಾಮ,” ಎಂದು ಮತ್ತೆ ತಿಕ್ಕತೊಡಗಿದರು. ಮೊದಲಿನಷ್ಟು ಜೋರಾಗಿ ಅಲ್ಲ.

ದಿಂಬಿಗೆಲ್ಲ ಎಣ್ಣೆ ಹತ್ತಿದೆ. ಮಗ್ಗುಲಾಗಲೂ ಭಯ. ಅಂಗಾತ ಮಲಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರೆ ನಾಳೆಯ ದವಾಖಾನೆಯದೇ ಯೋಚನೆ.