ಹಸಿರಿನ ಮೇಲೆ ಹಳದಿ ಗೆರೆ

ಚನ್ನಪಟ್ಟಣ
14ನೇ ಜುಲೈ 1923

ನನ್ನ ಮುದ್ದು ಚಿನ್ನಮ್ಮಾ,

ಸಲಾಮು, ನಮಸ್ಕಾರ, ಎರಡೂ ನಿನಗೇ. ಮದುವೆಗೆ ನೀನು ಮಾಗಡಿಯಿಂದ ಕಳಿಸಿದ ಬಣ್ಣದ ಪೆಟ್ಟಿಗೆಗೆ ಇಷ್ಟು ತಡವಾಗಿ ಥ್ಯಾಂಕ್ಸ್ ಹೇಳುತ್ತಿದ್ದೇನೆ. ಬೈದುಬಿಡು, ಆಮೇಲೆ ಓದು.

ನಾನು ಎಷ್ಟು ಸುಖವಾಗಿದ್ದೇನೆ ಗೊತ್ತೇ? ಇದ್ರೀಸ್ (ಗಂಡನ ಹೆಸರು ಬರೆದೇಬಿಟ್ಟೆ!) ಮರ ಕಡೆಯುತ್ತಾ ನನ್ನನ್ನೇ ನೋಡುತ್ತ ಮೈಮರೆತು ಗೊಂಬೆಯ ಕುತ್ತಿಗೆ ಮುರಿದುಬಿಡುತ್ತಾರೆ. ಈ ಮನೆಯಲ್ಲಿ ಗೊಂಬೆಗಳಿಗೂ ಕಣ್ಣು ಬರೆಯುವುದಿಲ್ಲ, ಅದೇನಿದ್ದರೂ ಅಂಗಡಿಯಲ್ಲಿ. ಜೀವವಿರುವುದನ್ನು ಬರೆಯಬೇಡ ಎಂದರು ಅತ್ತೆ ಗುಲ್ಜಾರ್ ಬೀ. ಸರಿ, ಹಕ್ಕಿಯಿಲ್ಲ, ಮುಖವಿಲ್ಲ, ಬರೀ ಬಣ್ಣ. ಕಾಗದದ ತುಂಬ ಹಸಿರು ಹಚ್ಚಿದೆ. ಮೇಲಿನಿಂದ ಒಂದು ಹಳದಿ ಗೆರೆ ತೂಗಾಡುತ್ತ ಇಳಿದು ಕೆಳಗೆ ಹೂವಿನಂತೆ ಅರಳಿತು. ನಡುವೆ ಒಂದು ಕೆಂಪು ಹನಿ. ಇದೇನೆಂದು ಇದ್ರೀಸ್ ಕೇಳಿದರು. ನನ್ನ ಸಂತೋಷ ಎಂದೆ. ಅವರು ನಗಲಿಲ್ಲ. ನಾನು ಗಂಜಿ ಸವರಿ ಗೋಡೆಗೆ ಅಂಟಿಸಿದೆ.

ಬೆಳಿಗ್ಗೆ ಹಾಲು ತಂದ ಬೋರಮ್ಮ ಅದನ್ನು ನೋಡಿ ಚೆಂಬು ಕೆಳಗಿಟ್ಟಳು. “ಇದ್ಯಾಕವ್ವಾ ಬರ್ದೆ? ಆ ಕೂಸಿನ ಹಳದಿ ಲಂಗ ಇಂಗೇ ಬಿಚ್ಕಂಡಿತ್ತು ಕಣವ್ವ, ನೀರ್ ಮ್ಯಾಲೆ.”

ಹಿತ್ತಿಲ ಬಾವಿಯಲ್ಲಿ, ಪಾಚಿಯ ನಡುವೆ. ಮುಡಿಯಲ್ಲಿ ಕೆಂಪು ರಿಬ್ಬನ್ ಇತ್ತಂತೆ. ಮುನ್ನಿ ಎಂಬ ನಾದಿನಿ ನನಗಿದ್ದಳೆಂದು, ಚಿಕ್ಕವಳಿದ್ದಾಗಲೇ ಬಾವಿಗೆ ಬಿದ್ದು ತೀರಿಕೊಂಡಳೆಂದು ಯಾರೂ ಹೇಳಿರಲಿಲ್ಲ. ಅವಳ ಒಂದು ಫೋಟೋ ಕೂಡ ಮನೆಯಲ್ಲಿಲ್ಲ.

ಬಾಗಿಲಲ್ಲೇ ಅತ್ತೆ ನಿಂತಿದ್ದರು. ಚಿತ್ರ ಹರಿಯಲು ಓಡಿದೆ, ಕೈ ಹಿಡಿದುಕೊಂಡರು. ಆಮೇಲೆ ಆ ಗೆರೆಯ ಮೇಲೆ ಬೆರಳಿಟ್ಟು, ಕೆಳಗಿನಿಂದ ಮೇಲಕ್ಕೆ, ಬಾವಿಯಿಂದ ಹಗ್ಗ ಸೇದುವವರಂತೆ ಎಳೆದರು. ಈಗ ದಿನವೂ ಸಂಜೆ ಹಾಗೆ ಸೇದುತ್ತಾರೆ. ಸೇದಿ ಮುಗಿಸಿ, ನನ್ನ ಕಡೆ ತಿರುಗಿ, “ಮುನ್ನೀ, ಊಟಕ್ಕೆ ಬಾ” ಎನ್ನುತ್ತಾರೆ.

ತೆಗೆದುಬಿಡು, ಅಮ್ಮಿ ಕೈತಪ್ಪಿ ಹೋಗುತ್ತಿದ್ದಾಳೆ, ನೀನೂ ಕೂಡ ಎಂದು ಇದ್ರೀಸ್ ಬೇಡಿಕೊಂಡರು. ಒದ್ದೆ ಬಟ್ಟೆ ಹಿಡಿದು ಗೋಡೆಯ ಮುಂದೆ ನಿಂತೆ. ಆಗಲಿಲ್ಲ. ಬೇರೆ ಚಿತ್ರ ಬರೆಯೋಣವೆಂದು ಕೂತು ಕಾಗದಕ್ಕೆಲ್ಲ ನೀಲಿ ಹಚ್ಚಿದೆ. ಕೈ ಅದೇ ಗೆರೆಯನ್ನು ಎಳೆಯಿತು.

ನಿನ್ನ ಕೂಸು ತಣ್ಣಗೆ ಬಾಳಲಿ, ನಿನ್ನ ತೊಟ್ಟಿಲು ಬರಿದಾಗದಿರಲಿ. ನಿಮ್ಮ ಮನೆಯ ಬಾವಿಗೆ ಮುಚ್ಚಳ ಹಾಕಿಸು.

ನಿನ್ನ,
ಖತೀಜಾ

ಮರೆತಿದ್ದೆ: ನಿನ್ನೆ ಇದ್ರೀಸ್ ‘ಖತೀಜಾ’ ಎಂದು ಕೂಗಿ ಕೂಗಿ ಸೋತರಂತೆ. ನನಗೆ ಕೇಳಿಸಲೇ ಇಲ್ಲ. ಒಲೆಯ ಮುಂದಿನಿಂದ ಅತ್ತೆ ‘ಮುನ್ನೀ’ ಎಂದದ್ದೇ ತಡ, ‘ಬಂದೆ ಅಮ್ಮೀ’ ಎಂದು ಓಡಿದೆ. ಬೋರ್ಡಿಂಗ್ ಶಾಲೆಯಲ್ಲಿ ನಮ್ಮನ್ನು ಊಟಕ್ಕೆ ಕರೆಯುತ್ತಿದ್ದುದು ಗಂಟೆ. ರಜೆಗೆ ನೀವೆಲ್ಲ ಅಮ್ಮಂದಿರ ಹತ್ತಿರ ಹೋದಾಗಲೂ ತಾಯಿಯಿಲ್ಲದ ನನಗೆ ಅದೇ ಗಂಟೆ. ಹೆಸರು ಹಿಡಿದು ಉಣ್ಣಲು ಕರೆದವರು ಅತ್ತೆಯೊಬ್ಬರೇ, ಆ ಹೆಸರು ನನ್ನದಲ್ಲದಿದ್ದರೂ. ಚಿತ್ರ ತೆಗೆಯಲಾರೆ, ಚಿನ್ನಮ್ಮಾ. ಉತ್ತರ ಬರೆಯುವಾಗ ಲಕೋಟೆಯ ಮೇಲೆ ನನ್ನ ಹೆಸರನ್ನು ದಪ್ಪಗೆ ಬರೆ.